ಕೈಯಳತೆ

ಶಿವರಾತ್ರಿ ಕಳೆದು ಬಿಸಿಲು ಚುರುಕಾಗತೊಡಗಿದರೆ ಸಾಕು, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತಿತ್ತು: “ಈ ಸಲ ಖಾರಕ್ಕ ಕಾಯಿ ಎಷ್ಟು ತರೂದು?” ಕೇಳಲು ಸಣ್ಣ ಪ್ರಶ್ನೆ. ಉತ್ತರ ಹೇಳಬೇಕಾದವಳಿಗೆ ಮಾತ್ರ ಇಡೀ ಮನೆಯ ಮುಂದಿನ ವರ್ಷ ಕಣ್ಣ ಮುಂದೆ ಬರಬೇಕಿತ್ತು. ಉಣ್ಣುವ ಬಾಯಿ ಎಷ್ಟು, ಯಾವ ಮಗಳು ಬಾಣಂತನಕ್ಕೆ ಬರುತ್ತಾಳೆ, ಯಾರ ಲಗ್ನ ಕೂಡಿಬಂದೀತು, ಧಾರವಾಡದಲ್ಲಿ ಓದುವ ಹುಡುಗನ ಡಬ್ಬಿಗೆ ಎಷ್ಟು, ಗಂಡನ ಮನೆಯಲ್ಲಿ ಇನ್ನೂ ಬಾಯಿಬಿಟ್ಟು ಕೇಳಲಾಗದ ಹೊಸ ಮದುಮಗಳಿಗೆ ಗುಟ್ಟಾಗಿ ಕಳಿಸಬೇಕಾದ್ದು ಎಷ್ಟು, ಇವನ್ನೆಲ್ಲ ಮನಸ್ಸಿನಲ್ಲೇ ಕೂಡಿಸಿ ಕಳೆದು ಮನೆಯ ಹಿರಿಯಳು ಒಂದು ಅಂಕಿ ಹೇಳುತ್ತಿದ್ದಳು. ಆ ಅಂಕಿಗೆ ಯಾರೂ ಎದುರಾಡಿದ್ದನ್ನು ನಾನು ನೋಡಿಲ್ಲ. ಎತ್ತು ಕೊಳ್ಳುವಾಗ, ಹೊಲ ಒತ್ತೆ ಇಡುವಾಗ ಆಕೆಯನ್ನು ಒಂದು ಮಾತು ಕೇಳದ ಗಂಡಸರು ಖಾರದ ವಿಷಯಕ್ಕೆ ಬಂದಾಗ ಕೈಕಟ್ಟಿ ನಿಲ್ಲುತ್ತಿದ್ದರು.

ಬ್ಯಾಡಗಿ ಪೇಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ವ್ಯಾಪಾರ. ಸುಗ್ಗಿಯ ದಿನಗಳಲ್ಲಿ ಊರೊಳಗೆ ಕಾಲಿಡುವ ಮೊದಲೇ ಘಾಟು ಎದುರುಗೊಳ್ಳುತ್ತಿತ್ತು. ರೈಲಿನಲ್ಲಿ ಕೂತವರು ಸ್ಟೇಷನ್ನಿನ ಹೆಸರು ಓದುವ ಮೊದಲೇ ಸೀನಿ ಊರು ಗುರುತಿಸುತ್ತಿದ್ದರು. ಅಪ್ಪ ಅಲ್ಲಿಂದ ಚೀಲ ತಂದು ಪಡಸಾಲೆಯಲ್ಲಿ ಸುರುವಿದರೆ ಅಪ್ಪನ ತಾಯಿ, ನಮ್ಮ ಆಯಿ, ಪರೀಕ್ಷೆಗೆ ಕೂರುವಳು. ಒಂದು ಕಾಯಿ ಎತ್ತಿ ಬೆಳಕಿಗೆ ಹಿಡಿಯುವಳು, ಮುರಿದು ಮೂಸುವಳು, ಬೆರಳ ನಡುವೆ ತಿಕ್ಕಿ ಬಣ್ಣ ನೋಡುವಳು, ಕಿವಿಯ ಹತ್ತಿರ ಅಲುಗಿಸಿ ಬೀಜದ ಸದ್ದು ಕೇಳುವಳು. ಡಬ್ಬಿ ಕಾಯಿ ಮೋಟು, ಹೊಟ್ಟೆ ಉಬ್ಬಿದ್ದು, ಬೀಜ ಜಾಸ್ತಿ. ರುಚಿ, ವಾಸನೆ ಅದರದು. ಕಡ್ಡಿ ಕಾಯಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು, ಬಣ್ಣ ಅದರದು. ಎರಡನ್ನೂ ಹೇಗೆ ಕೂಡಿಸಬೇಕು ಎಂಬುದು ಮನೆಮನೆಯ ಗುಟ್ಟು. ಬ್ಯಾಡಗಿ ಕಾಯಿಗೆ ಉರಿ ಕಡಿಮೆ, ಕೆಂಪು ಹೆಚ್ಚು. ನಮ್ಮ ಸಾರಿನ ಬಣ್ಣ ನೋಡಿ ಬೆದರಿದ ಮೈಸೂರು ಕಡೆಯ ನೆಂಟರು ಒಂದು ತುತ್ತು ಉಂಡ ಮೇಲೆ ಮತ್ತೆ ಹಾಕಿಸಿಕೊಳ್ಳುತ್ತಿದ್ದರು.

ಆಮೇಲಿನ ದಿನಗಳು ಓಣಿಗೆ ಸೇರಿದ್ದವು. ಮಾಳಿಗೆಯ ಮೇಲೆ, ಅಂಗಳದಲ್ಲಿ, ದನ ಬಾಯಿ ಹಾಕದ ಕಡೆಯೆಲ್ಲ ಕಾಯಿ ಒಣಗುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿದ ಹೆಂಗಸರು ಒಬ್ಬರ ಮನೆಯ ಕಟ್ಟೆಯ ಮೇಲೆ ಕೂಡಿ ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವರು. ಇವತ್ತು ನಮ್ಮ ಮನೆಯ ಕಾಯಿ, ನಾಳೆ ಎದುರು ಮನೆಯದು, ನಾಡಿದ್ದು ಹಿತ್ತಲ ಮನೆಯದು. ಕೂಲಿ ಎಂಬುದಿರಲಿಲ್ಲ, ಸರದಿ ಇತ್ತು. ಊರಿನ ಸುದ್ದಿ ಅಲ್ಲೇ ಹುಟ್ಟಿ ಅಲ್ಲೇ ಬಲಿಯುತ್ತಿತ್ತು. ಹೊಸದಾಗಿ ಬಂದ ಸೊಸೆ ಕಣ್ಣಲ್ಲಿ ನೀರು ತಂದರೆ ಅದು ಘಾಟಿಗೋ ತವರಿನ ನೆನಪಿಗೋ ಎಂದು ಯಾರೂ ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಕೂತ ದೊಡ್ಡವ್ವ ಸೆರಗಿನ ತುದಿ ಕೊಡುತ್ತಿದ್ದಳು, ಅಷ್ಟೆ.

ಹವೀಜ, ಅಂದರೆ ಕೊತ್ತಂಬರಿ ಬೀಜ, ಹುರಿಯುವ ದಿನ ಒಲೆಯ ಮುಂದೆ ಅವ್ವ, ಪಡಸಾಲೆಯ ಕಂಬಕ್ಕೆ ಒರಗಿ ಆಯಿ. ಬಾಣಲಿಯ ಕಡೆ ಆಯಿ ತಿರುಗಿಯೂ ನೋಡುತ್ತಿರಲಿಲ್ಲ. ವಾಸನೆ ಒಂದು ಹದಕ್ಕೆ ಬಂದದ್ದೇ ತಡ, ಅಲ್ಲಿಂದಲೇ ಕೂಗುವಳು: “ಇಳಸ ಯವ್ವಾ, ಇನ್ನ ಬಿಟ್ಟರ ಕಹಿ ಆಕ್ಕೈತಿ.” ಆಮೇಲೆ ಒಣಕೊಬ್ರಿ, ಎಣ್ಣೆಯಲ್ಲಿ ಕೆಂಪಗೆ ಹುರಿದ ಉಳ್ಳಾಗಡ್ಡಿ, ಬಳ್ಳೊಳ್ಳಿ, ಜೀರಿಗೆ, ಮೆಂತ್ಯ, ಲವಂಗ, ದಾಲ್ಚಿನ್ನಿ, ಯಾಲಕ್ಕಿ, ಕಲ್ಲುಹೂವು. ಒಂದೊಂದಕ್ಕೂ ಒಂದೊಂದು ಉರಿ, ಒಂದೊಂದು ಹೊತ್ತು. ಅಳತೆ ಮಾತ್ರ ಯಾವ ಸೇರು ಪಾವಿನಲ್ಲೂ ಇರಲಿಲ್ಲ. ಅವ್ವ ಕೇಳುವಳು, “ಅತ್ತೀ, ಲವಂಗ ಎಷ್ಟು?” ಆಯಿ ಹೇಳುವಳು, “ಹಿಡಿಸಿದಷ್ಟು.” “ಎಷ್ಟು ಹಿಡಸ್ತೈತಿ?” “ಹಾಕಿ ನೋಡು, ಅದ ಹೇಳ್ತೈತಿ.” ಈ ಉತ್ತರದಿಂದ ಸಿಟ್ಟಾಗದ ಸೊಸೆ ಇರಲಿಕ್ಕಿಲ್ಲ. ಆದರೆ ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಅದೇ ಸೊಸೆ ತನ್ನ ನೆಗೆಣ್ಣಿಗೆ ಅದನ್ನೇ ಹೇಳುತ್ತಿದ್ದಳು. ಕಲಿತದ್ದಕ್ಕೆ ಅದೇ ಗುರುತು.

ಒಳಕಲ್ಲಿನ ಎರಡೂ ಕಡೆ ಇಬ್ಬರು ನಿಂತು ಒನಕೆ ಹಾಕುವರು. ಒಬ್ಬಳದು ಏಳುವಾಗ ಇನ್ನೊಬ್ಬಳದು ಇಳಿಯಬೇಕು, ಲಯ ತಪ್ಪಿದರೆ ಬೆರಳಿಗೆ ಅಪಾಯ. ಕುಟ್ಟಿದ್ದನ್ನು ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೆ ಕುಟ್ಟಿ, ಕೊನೆಗೆ ಭರಣಿಗೆ ಒತ್ತಿ ತುಂಬಿ, ಮೇಲೆ ಉಪ್ಪು ಹರಡಿ, ನಡುವೆ ಇಂಗಿನ ತುಣುಕು ಇಟ್ಟು, ಬಾಯಿಗೆ ಬಟ್ಟೆ ಕಟ್ಟಿದರೆ ವರ್ಷದ ಚಿಂತೆ ಮುಗಿಯಿತು. ಆ ದಿನ ರಾತ್ರಿ ಬೇರೆ ಅಡುಗೆ ಇಲ್ಲ. ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಹೊಸ ಖಾರ, ಖಾರದ ನಡುವೆ ಗುಳಿ ಮಾಡಿ ಹಾಕಿದ ಹಸಿ ಕುಸುಬಿ ಎಣ್ಣೆ, ಗುದ್ದಿ ಒಡೆದ ಉಳ್ಳಾಗಡ್ಡಿ. ಇಷ್ಟು ದಿನ ಕಣ್ಣುರಿ ಎಂದು ಅತ್ತ ಹುಡುಗರಿಗೆ ಆ ರಾತ್ರಿ ರೊಟ್ಟಿ ಎಷ್ಟಾದರೂ ಸಾಲದು.

ಒಂದೇ ಪೇಟೆಯ ಕಾಯಿ, ಒಂದೇ ಅಂಗಡಿಯ ಮಸಾಲೆ ಸಾಮಾನು, ಆದರೂ ಓಣಿಯ ಪ್ರತಿ ಮನೆಯ ಖಾರ ಬೇರೆ. ಕಣ್ಣು ಮುಚ್ಚಿ ಸಾರು ಬಾಯಿಗಿಟ್ಟರೆ ಇದು ಯಾರ ಮನೆಯದು ಎಂದು ಹೇಳಬಹುದಿತ್ತು. ಆಯಿಯ ಖಾರದಲ್ಲಿ ಬಳ್ಳೊಳ್ಳಿ ಮುಂದೆ ಬರುತ್ತಿತ್ತು. ಅದು ಅವಳ ತವರಿನಿಂದ ಬಂದ ಗುಣವಂತೆ. ಅವ್ವ ಬಂದ ಮೇಲೆ ಅದಕ್ಕೆ ಕೊಬ್ರಿ ಸ್ವಲ್ಪ ಹೆಚ್ಚಾಯಿತು. ಅದು ಅವ್ವನ ತವರಿನದು. ಹೀಗೆ ಒಂದು ಮನೆಯ ಖಾರದಲ್ಲಿ ಆ ಮನೆಗೆ ಬಂದ ಹೆಣ್ಣುಮಕ್ಕಳ ಊರುಗಳೆಲ್ಲ ಇರುತ್ತಿದ್ದವು. ವಂಶಾವಳಿಯ ಪುಸ್ತಕದಲ್ಲಿ ಗಂಡಸರ ಹೆಸರು ಮಾತ್ರ ಬರೆಯುತ್ತಾರೆ. ಹೆಂಗಸರ ವಂಶಾವಳಿ ಭರಣಿಯಲ್ಲಿತ್ತು.

ನನ್ನ ಕೊರಗು ಇರುವುದು ಇಲ್ಲಿ. ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಸ್ಸಿನ ಬೋರ್ಡು ಓದಲು, ಅಂಚೆಯ ಕಾಗದ ಓದಲು ನಮ್ಮಂಥ ಚಿಕ್ಕವರನ್ನೇ ಕರೆಯಬೇಕಿತ್ತು. ಅಂಥವಳು ಅಡುಗೆಮನೆಯಲ್ಲಿ ಮಾತ್ರ ಮಾಸ್ತರು. ಅಲ್ಲಿ ಪದವಿ ಪಡೆದ ಸೊಸೆಯೂ ಆಕೆಯ ಮುಂದೆ ಕೂತು ಕೇಳಬೇಕು. ಹದ ಎಂದರೇನು, ಕಾಯಿ ಒಣಗಿದೆ ಎಂದು ಹೇಗೆ ತಿಳಿಯಬೇಕು, ಮೋಡ ಕವಿದ ದಿನ ಶಾವಿಗೆ ಏಕೆ ಹೊಸೆಯಬಾರದು ಎಂಬುದೆಲ್ಲ ಆಕೆಯಿಂದಲೇ ತಿಳಿಯಬೇಕು. ವಯಸ್ಸಾದಷ್ಟೂ ಬೆಲೆ ಹೆಚ್ಚುವ ಒಂದೇ ಜಾಗ ಆಕೆಗೆ ಅದಾಗಿತ್ತು. ಇವತ್ತು ಖಾರ ಪೊಟ್ಟಣದಲ್ಲಿ ಸಿಗುತ್ತದೆ, ಪೊಟ್ಟಣದ ಬೆನ್ನ ಮೇಲೆ ವಿಧಾನವೂ ಇರುತ್ತದೆ. ಮನೆಯ ಹಿರಿಯಳನ್ನು ಕೇಳಬೇಕಾದ ಪ್ರಶ್ನೆಯೇ ಉಳಿದಿಲ್ಲ. “ಊಟಾ ಆತೇನವ್ವಾ, ಗುಳಗಿ ತೊಗೊಂಡಿಯೇನು” ಎಂಬ ಎರಡು ಮಾತು ಮುಗಿದರೆ ಮೊಮ್ಮಕ್ಕಳ ಫೋನು ಮುಗಿಯುತ್ತದೆ.

ಖಾರ ಒಂದೇ ಅಲ್ಲ, ಇಡೀ ವರ್ಷವನ್ನೇ ಅಡುಗೆ ಹಂಚಿಕೊಂಡಿತ್ತು. ಬೇಸಿಗೆಯಲ್ಲಿ ಶಾವಿಗೆ. ಗೋಧಿ ನೆನೆಸಿ, ಒಣಗಿಸಿ, ಬೀಸಿ, ರವೆಯ ನುಣುಪು ಬೇರೆ ಮಾಡಿ, ಹಿಟ್ಟು ಕಲಸಿ ಗುದ್ದಿ ಗುದ್ದಿ ಹದ ಮಾಡಿ, ಗೀರುಗಳಿದ್ದ ಉದ್ದನೆಯ ಮಣೆಯ ಮೇಲೆ ಅಂಗೈಯಿಂದ ಹೊಸೆಯುವುದು. ಎಳೆ ಇಳಿದಂತೆ ಕೆಳಗೆ ಕೂತ ಹುಡುಗಿ ಅದನ್ನು ಹರಿಯದಂತೆ ಎಳೆದು ಕೋಲಿಗೆ ಹಾಕಬೇಕು. ಹರಿದರೆ ಬೈಗುಳ, ಕೂದಲೆಳೆಯಾದರೆ ಶಹಬ್ಬಾಸ್. ಮದುವೆಗೆಂದು ಬೆರಳ ತುದಿಯಲ್ಲೇ ಗವಲಿ, ಗುಳಿಗೆ, ಪರಡಿ ಮಾಡುವರು, ಅಕ್ಕಿಕಾಳಿನಷ್ಟು ಸಣ್ಣವು. ಮದುವೆಯ ಮನೆಯಲ್ಲಿ ಅವನ್ನು ತಟ್ಟೆಯಲ್ಲಿಟ್ಟಾಗ ಹುಡುಗಿಯ ಕೈಗುಣ ಎಂಥದೆಂದು ಬೀಗರ ಕಡೆಯ ಹಿರಿಯರು ಅಲ್ಲೇ ಅಳೆದುಬಿಡುವರು. ಅಳೆಯುವ ಆ ಕಣ್ಣು ಒಳ್ಳೆಯದೇ ಇತ್ತು ಎನ್ನಲಾರೆ. ಆದರೆ ಆ ಬೆರಳಿನ ಕಸುಬು ದೊಡ್ಡದು.

ಶ್ರಾವಣದಲ್ಲಿ ಪಂಚಮಿ. ನಾಗಪ್ಪನಿಗೆ ಹಾಲೆರೆಯುವ ಮೊದಲು ನಮ್ಮಲ್ಲಿ ರೊಟ್ಟಿ ಹಬ್ಬ. ಅದಕ್ಕೆ ದಿನಗಟ್ಟಲೆ ಮುಂಚಿನಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಬಡಿದು ಕಟಿಯಾಗಿ ಒಣಗಿಸಿ ಬುಟ್ಟಿಯಲ್ಲಿ ಪೇರಿಸುವರು. ಆ ದಿನ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಲೆ, ಕೆಂಪು ಖಾರ ಇಟ್ಟು ಮನೆಮನೆಗೆ ಕೊಟ್ಟುಬರುವುದು ಹುಡುಗರ ಕೆಲಸ. ಕೊಟ್ಟ ತಟ್ಟೆ ಬರಿದಾಗಿ ಹಿಂದೆ ಬರುತ್ತಿರಲಿಲ್ಲ. ಅವರ ಮನೆಯ ರೊಟ್ಟಿ ಪಲ್ಲೆ ತುಂಬಿಯೇ ಬರುತ್ತಿತ್ತು. ಸಂಜೆಯ ಹೊತ್ತಿಗೆ ಎಲ್ಲರ ಮನೆಯಲ್ಲೂ ಎಲ್ಲರ ಮನೆಯ ಊಟ. ಮರುದಿನ ಶೇಂಗಾದುಂಡೆ, ಎಳ್ಳುಂಡೆ, ಅಳ್ಳಿಟ್ಟು, ಜೋಳದ ಅರಳು, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ. ವರ್ಷವಿಡೀ ಬೇಲಿಯ ಜಗಳವಾಡಿದ ಮನೆಗಳ ನಡುವೆ ಮಾತು ಮತ್ತೆ ಹುಟ್ಟಬೇಕಾದರೆ ರೊಟ್ಟಿ ಹಬ್ಬ ಒಂದು ನೆಪ. ಈಗಲೂ ಪಂಚಮಿ ಬರುತ್ತದೆ. ಉಂಡೆಗಳು ಸಿಹಿ ತಿಂಡಿಯ ಅಂಗಡಿಯಿಂದ ಬರುತ್ತವೆ, ಎಲ್ಲರ ಮನೆಗೂ ಒಂದೇ ಅಂಗಡಿಯವು. ಒಂದೇ ರುಚಿಯ ಉಂಡೆಯನ್ನು ಯಾರು ಯಾರಿಗೆ ಕೊಟ್ಟು ಏನು?

ಆಶ್ವೀಜದ ಶೀಗಿ ಹುಣ್ಣಿಮೆಗೆ ಹೊಲವೇ ಅಡುಗೆಮನೆ. ತೆನೆ ಕಟ್ಟುವ ಹೊತ್ತಿನ ಭೂಮಿ ಬಸುರಿ ಎಂದು ತಿಳಿದು ಆಕೆಯ ಬಯಕೆ ತೀರಿಸುವ ಹಬ್ಬ ಅದು. ಬಸುರಿ ಮಗಳಿಗೆ ಏನೇನು ಮಾಡುತ್ತಾರೋ ಅದನ್ನೆಲ್ಲ ಭೂಮಿತಾಯಿಗೂ ಮಾಡಬೇಕು: ಹೋಳಿಗೆ, ಕಡಬು, ಕರ್ಚಿಕಾಯಿ, ಪುಂಡಿಪಲ್ಲೆ, ಬುತ್ತಿಯನ್ನ, ಚಿತ್ರಾನ್ನ, ಸಜ್ಜೆ ರೊಟ್ಟಿ. ಶೃಂಗಾರ ಮಾಡಿದ ಎತ್ತಿನ ಬಂಡಿಯಲ್ಲಿ ಬುಟ್ಟಿಗಳನ್ನಿಟ್ಟುಕೊಂಡು ಹೋಗಿ, ಬನ್ನಿ ಮರದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಬೆಳೆದ ಪೈರಿನ ಸುತ್ತ ಕೂಗುತ್ತ ಆ ಅಡುಗೆಯ ಚರಗ ಚೆಲ್ಲಿ, ಆಮೇಲೆ ಮರದ ನೆರಳಿನಲ್ಲಿ ಊಟ. ದಾರಿಯಲ್ಲಿ ಹೋಗುವವರನ್ನು, ಯಾವ ಊರಿನವರಾದರೂ, ಕರೆದು ಕೂರಿಸುವರು. ಈಗ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರು, ಕಾರು ಬಂದಿವೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಜೋಳ, ಸಜ್ಜೆ, ನವಣೆ, ಮೆಣಸಿನ ಗಿಡ, ನಡುವೆ ಅಕ್ಕಡಿಯಾಗಿ ಹಾಕಿದ ತೊಗರಿ, ಅಂಚಿನ ಪುಂಡಿ, ಎಳ್ಳು, ಇವೆಲ್ಲ ಇದ್ದ ಹೊಲದಲ್ಲಿ ಚೆಲ್ಲುತ್ತಿದ್ದ ಚರಗ ಈಗ ಕಣ್ಣು ಹಾಯುವವರೆಗೂ ಒಂದೇ ಬೆಳೆಯ ನಡುವೆ ಬೀಳುತ್ತದೆ. ತಂದ ಅಡುಗೆಯಲ್ಲಿ ಆ ಹೊಲದ್ದು ಎನ್ನುವ ಒಂದು ಕಾಳೂ ಇರುವುದಿಲ್ಲ.

ಆ ಒಂದೇ ಬೆಳೆ ಗೋವಿನಜೋಳ. ರಾಜ್ಯದಲ್ಲಿ ಅದನ್ನು ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಮಳೆ ನಂಬಿ ಬದುಕುವ ರೈತನಿಗೆ ಅದು ಕೈಹಿಡಿದಿದೆ, ಅದನ್ನು ಬೆಳೆಯಬೇಡ ಎನ್ನಲು ನಾವು ಯಾರು? ಕೋಳಿಯ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ ಲಾರಿಗಟ್ಟಲೆ ಹೋಗುತ್ತದೆ. ಮನೆಯ ಒಲೆಗೆ ಮಾತ್ರ ಬರುವುದಿಲ್ಲ. ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿಟ್ಟು ಬರಗಾಲವನ್ನು ಎದುರಿಸಿದ ಊರುಗಳಲ್ಲಿ ಈಗ ಹಗೇವು ಎಂದರೆ ಹುಡುಗರಿಗೆ ಗೊತ್ತಿಲ್ಲ. ಮೆಣಸಿನಕಾಯಿಯ ಕಥೆ ಇನ್ನೂ ವಿಚಿತ್ರ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಊರಿನ ಹೆಸರು ಕಾನೂನಿನ ಪುಸ್ತಕ ಸೇರಿತು. ಆದರೆ ಸುತ್ತಲಿನ ಹೊಲಗಳಿಂದ ಆ ಗಿಡ ಬಹುಪಾಲು ಹಿಂದೆ ಸರಿದಿದೆ. ಪೇಟೆಗೆ ಬಂದು ಬೀಳುವ ರಾಶಿಯಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕಾಯಿಯೇ ಹೆಚ್ಚು. ಡಬ್ಬಿ, ಕಡ್ಡಿ ಎಂಬ ಹೆಸರುಗಳ ಪಕ್ಕದಲ್ಲಿ 2043, 5531 ಎಂಬ ಹೊಸ ತಳಿಗಳ ಅಂಕಿಗಳು ಬಂದು ಕೂತಿವೆ. ಬೆಳೆದವನಿಗೂ ನೆಮ್ಮದಿ ಇಲ್ಲ. 2024ರ ಮಾರ್ಚಿನಲ್ಲಿ ದರ ಕುಸಿದಾಗ ಇದೇ ಪೇಟೆಯಲ್ಲಿ ರೈತರ ಸಿಟ್ಟು ಬೆಂಕಿಯಾಗಿ ಉರಿದದ್ದನ್ನು ನಾಡೆಲ್ಲ ನೋಡಿತು. ಆಯಿ ಬೆಳಕಿಗೆ ಹಿಡಿದು ನೋಡುತ್ತಿದ್ದ ಆ ಕೆಂಪನ್ನು ಈಗ ಕಾರ್ಖಾನೆಗಳು ಓಲಿಯೊರೆಸಿನ್ ಎಂದು ಹಿಂಡಿ ತೆಗೆಯುತ್ತವೆ. ಅದು ದೂರದೇಶದ ತಿನಿಸಿಗೆ ಬಣ್ಣವಾಗುತ್ತದೆ, ತುಟಿಯ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಶೀತಲ ಗೃಹಗಳಲ್ಲಿ ಕಾಯಿ ವರ್ಷವಿಡೀ ಬಾಡದೆ ಕೂತಿರುತ್ತದೆ. ಬೇಸಿಗೆಯಲ್ಲೇ ಖಾರ ಮಾಡಬೇಕೆಂಬ ಅವಸರ ಯಾರಿಗೂ ಇಲ್ಲ.

ರಾಣೆಬೆನ್ನೂರಿನ ಸುತ್ತ ಇನ್ನೊಂದು ಕೆಲಸ ಬೆಳೆದಿದೆ. ಹತ್ತಿ ಮತ್ತು ತರಕಾರಿಯ ಹೈಬ್ರಿಡ್ ಬೀಜ ಇಲ್ಲಿ ತಯಾರಾಗಿ ದೇಶದ ಉದ್ದಗಲಕ್ಕೂ ಹೋಗುತ್ತದೆ. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವ ‘ಕ್ರಾಸಿಂಗ್’ ನಾಜೂಕಿನ ಕೆಲಸ, ಅದಕ್ಕೆ ಹೆಂಗಸರ ಬೆರಳೇ ಬೇಕು. ಗುಳಿಗೆ, ಪರಡಿ ಮಾಡುತ್ತಿದ್ದ ಬೆರಳುಗಳೇ ಇರಬಹುದು. ನಮ್ಮ ಆಯಿ ಹೀರೆ, ಬದನೆ, ಸೌತೆ, ಅವರೆ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ, ಒಣಗಿದ ಸೋರೆ ಬುರುಡೆಯಲ್ಲಿ ಹಾಕಿ, ಒಲೆಯ ಹೊಗೆ ತಾಕುವ ಕಡೆ ತೂಗುಹಾಕುತ್ತಿದ್ದಳು. ಮಗಳು ಗಂಡನ ಮನೆಗೆ ಹೋಗುವಾಗ ಖಾರದ ಜೊತೆ ಒಂದು ಚಿಂದಿಯಲ್ಲಿ ಆ ಬೀಜವನ್ನೂ ಕಟ್ಟಿ ಕೊಡುವಳು. ಹೈಬ್ರಿಡ್ ಬೀಜದಿಂದ ಬೆಳೆದದ್ದನ್ನು ತೆಗೆದಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ, ವರ್ಷ ವರ್ಷ ಹೊಸದಾಗಿ ಕೊಳ್ಳಲೇಬೇಕು. ಪೊಟ್ಟಣದ ಖಾರವನ್ನೂ ಹಾಗೆಯೇ ಕೊಳ್ಳುತ್ತೇವೆ. ಎರಡರಲ್ಲೂ ಇಳುವರಿ ಇದೆ, ಮುಂದಕ್ಕೆ ದಾಟಿಸುವ ಗುಣ ಇಲ್ಲ.

ಹೊಲದ ಹಾಗೆ ತಟ್ಟೆಯೂ ಬದಲಾಯಿತು. ಇದೇ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿ ಕಾಗಿನೆಲೆಯಲ್ಲಿ ನೆಲೆ ಕಂಡ ಕನಕದಾಸರು ‘ರಾಮಧಾನ್ಯ ಚರಿತೆ’ ಬರೆದರು. ಭತ್ತಕ್ಕೂ ರಾಗಿಗೂ ಹಿರಿಮೆಯ ಜಗಳ ಹತ್ತಿ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ತಂದಾಗ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿಯೇ ಇದೆ. ತೀರ್ಪು ರಾಗಿಯ ಪರ. ಕನಕರ ನಾಡಿನಲ್ಲಿ ಆ ತೀರ್ಪು ಈಗ ತಿರುಗಿಬಿದ್ದಿದೆ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಪಡಿತರದ ಅಕ್ಕಿ ಪ್ರತಿ ಮನೆಯ ಮೂಲೆಯಲ್ಲೂ ಇದೆ. ಹಸಿವು ತೀರಿಸಿದ ಅಕ್ಕಿಯನ್ನು ನಿಂದಿಸಲು ನಾಲಿಗೆ ಏಳುವುದಿಲ್ಲ. ಹಸಿವು ಕಂಡವರ ಮುಂದೆ ರುಚಿಯ ಮಾತಾಡುವುದೂ ತಪ್ಪು. ಆದರೂ ರೊಟ್ಟಿ ಬಡಿಯಲು ಕಷ್ಟ, ಅನ್ನಕ್ಕೆ ಕುಕ್ಕರಿನ ಎರಡು ಸೀಟಿ ಸಾಕು ಎಂದಾದಾಗ ಒಲೆಯ ಮುಂದೆ ಕೂತು ಕಲಿಯುವ ಹೊತ್ತೂ ಅಷ್ಟಕ್ಕೇ ಇಳಿಯಿತು. ನವಣೆ, ಸಾವೆ, ಬರಗು ಮೊದಲು ಬಡವರ ಊಟವೆಂದು ಮನೆಯಿಂದ ಹೊರಗೆ ಹೋದವು. ಈಗ ಸಿರಿಧಾನ್ಯ ಎಂಬ ಹೊಸ ಹೆಸರಿನಲ್ಲಿ, ದುಬಾರಿ ಪೊಟ್ಟಣದಲ್ಲಿ, ಪಟ್ಟಣದ ಅಂಗಡಿಯಿಂದ ಹಿಂದೆ ಬರುತ್ತಿವೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ನವಣೆಯ ಹುಗ್ಗಿ ಹೇಗೆ ಮಾಡುವುದೆಂದು ತಿಳಿದ ಮುದುಕಿ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಳು. ಮೊಮ್ಮಕ್ಕಳು ಅದನ್ನು ಮೊಬೈಲಿನಲ್ಲಿ ಹುಡುಕಿದರು.

ಹಾಗಂತ ಹಳೆಯದೆಲ್ಲ ಅನಾದಿಯದು ಎಂದು ನಾನು ಹೇಳಲಾರೆ. ನಾವು ನಮ್ಮದೆಂದು ಎದೆ ತಟ್ಟಿಕೊಳ್ಳುವ ಮೆಣಸಿನಕಾಯಿ ಈ ನೆಲದ್ದಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಕನಕದಾಸರ ಕಾಲದಲ್ಲಿ ಅದು ಪಶ್ಚಿಮ ಕರಾವಳಿಗೆ ಆಗಷ್ಟೇ ಬಂದಿಳಿದ ಹೊಸದು. ಅದಕ್ಕೂ ಹಿಂದೆ ನಮ್ಮ ಖಾರವೆಂದರೆ ಕರಿಮೆಣಸು. ಯಾವುದೋ ಒಂದು ಊರಿನ ಯಾರೋ ಒಬ್ಬ ಆಯಿ ಆ ಕೆಂಪು ಕಾಯಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದು, ಅನುಮಾನದಿಂದ ಮೂಸಿ, ಸುಟ್ಟು ನೋಡಿ, ಕುಟ್ಟಿ ನೋಡಿ, ಪರವೂರಿನ ಸೊಸೆಯಂತೆ ಅದನ್ನು ಮನೆ ತುಂಬಿಸಿಕೊಂಡಿರಬೇಕು. ಆಮೇಲೆ ಮಗಳಿಗೆ ಹೇಳಿಕೊಟ್ಟಿರಬೇಕು. ಸಂಪ್ರದಾಯ ಉಳಿದದ್ದು ಹೊಸದನ್ನು ದೂರ ಇಟ್ಟದ್ದರಿಂದಲ್ಲ. ಒಬ್ಬಳು ರುಚಿ ನೋಡಿ ನಿರ್ಧರಿಸುತ್ತಿದ್ದಳು, ಇನ್ನೊಬ್ಬಳು ಪಕ್ಕದಲ್ಲಿ ಕೂತು ಕಲಿಯುತ್ತಿದ್ದಳು, ಅದರಿಂದ ಉಳಿಯಿತು. ಮಿಕ್ಸಿ ಬಂತೆಂದು, ಗ್ಯಾಸು ಬಂತೆಂದು ನನಗೆ ದುಃಖವಿಲ್ಲ. ಪಕ್ಕದಲ್ಲಿ ಕೂರುವವಳು ಎದ್ದುಹೋದಳು, ರುಚಿ ನೋಡಿ ಹೇಳುವವಳನ್ನು ಕೇಳದೆ ಬಿಟ್ಟೆವು ಎಂಬುದು ದುಃಖ.

ಆದರೆ ಖಾರ ಕುಟ್ಟುವ ಒನಕೆಯ ಸದ್ದನ್ನು ಸಂಗೀತವೆಂದು ಬರೆಯುವವರು ಅದನ್ನು ಎತ್ತಿದವರ ಭುಜವನ್ನು ನೋಡಿರುವುದಿಲ್ಲ. ಖಾರ ಕುಟ್ಟಿದ ರಾತ್ರಿ ಅವ್ವ ಅಂಗೈಗೆ ಎಣ್ಣೆ ಹಚ್ಚಿಕೊಂಡು ಉರಿಗೆ ನಿದ್ದೆ ಬಾರದೆ ಹೊರಳುತ್ತಿದ್ದಳು. ಕೋಳಿ ಕೂಗುವ ಮೊದಲೇ ಎದ್ದು ಬೀಸುವ ಕಲ್ಲಿಗೆ ಕೂರುವುದು, ಕಟ್ಟಿಗೆಯ ಹೊಗೆಯಲ್ಲಿ ತುಂಬು ಸಂಸಾರಕ್ಕೆ ರೊಟ್ಟಿ ಬಡಿಯುವುದು, ಎಲ್ಲರದೂ ಆದ ಮೇಲೆ ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಉಣ್ಣುವುದು. ಆ ಪರಂಪರೆಯ ಸೊಗಸನ್ನೆಲ್ಲ ಗಂಡಸರು ಉಂಡರು, ಭಾರವನ್ನೆಲ್ಲ ಹೆಂಗಸರು ಹೊತ್ತರು. ಹಿಟ್ಟಿನ ಗಿರಣಿ ಊರಿಗೆ ಬಂದ ದಿನ ಹೆಣ್ಣುಮಕ್ಕಳು ಬೀಸುವ ಕಲ್ಲಿಗೆ ಕೈಮುಗಿದು ಮೂಲೆಗಿಟ್ಟದ್ದರಲ್ಲಿ ಏನು ಆಶ್ಚರ್ಯ? ಬ್ಯಾಡಗಿಯಲ್ಲಿ ಇವತ್ತೂ ಹೆಂಗಸರು ಗುಂಪಾಗಿ ಕೂತು ತುಂಬು ಬಿಡಿಸುತ್ತಾರೆ, ಆದರೆ ವ್ಯಾಪಾರಿಯ ಅಂಗಳದಲ್ಲಿ, ಕೂಲಿಗೆ. ಮೊದಲು ಸರದಿಯ ಕೆಲಸವಾಗಿದ್ದದ್ದು ಈಗ ಸಂಬಳದ ಕೆಲಸ. ಆ ದುಡ್ಡು ನೇರ ಆಕೆಯ ಕೈಗೆ ಬರುತ್ತದೆ, ಮಗಳ ಕಾಲೇಜಿನ ಫೀಜಿಗೆ ಹೋಗುತ್ತದೆ. ಅದು ದೊಡ್ಡ ಮಾತು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಆಕೆ ಹತ್ತು ರೂಪಾಯಿಯ ಖಾರದ ಪೊಟ್ಟಣ ಕೊಂಡರೆ ನಾನು ಯಾವ ಬಾಯಿಂದ ಬೇಡ ಎನ್ನಲಿ?

ಇನ್ನೊಂದು ಸಂಗತಿಯೂ ಇದೆ. ಮನೆಯಲ್ಲಿ ಕುಂದಿದ ಕಸುಬು ಬೀದಿಯಲ್ಲಿ ಬದುಕಿಕೊಂಡಿದೆ. ಹಾವೇರಿ, ರಾಣೆಬೆನ್ನೂರಿನ ಓಣಿಗಳಲ್ಲಿ ರೊಟ್ಟಿ ಬಡಿದು ಮಾರುವ ಹೆಂಗಸರಿದ್ದಾರೆ. ಮದುವೆಗೆ, ಜಾತ್ರೆಗೆ, ಖಾನಾವಳಿಗೆ ಅವರದೇ ರೊಟ್ಟಿ. ಕಟಿರೊಟ್ಟಿಯ ಕಟ್ಟು, ಶೇಂಗಾ ಹಿಂಡಿಯ ಪೊಟ್ಟಣ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ಸೂಟ್‌ಕೇಸಿನಲ್ಲಿ ಸಮುದ್ರದಾಚೆಗೆ ಹೋಗುತ್ತವೆ. ಯಾಲಕ್ಕಿ ಕಂಪಿನ ಊರೆಂದು ಹೆಸರಾದ ಹಾವೇರಿಯಲ್ಲಿ ಯಾಲಕ್ಕಿಯ ಹಾರ ಕಟ್ಟುವ ಕಸುಬು ಇವತ್ತೂ ಇದೆ. ಕಾರ್ಯಕ್ರಮಕ್ಕೆ ಬಂದ ಗಣ್ಯರ ಕೊರಳಿಗೆ ಆ ಹಾರ ಬೀಳುತ್ತದೆ. ಹಾರವನ್ನು ನೋಡಿ ಹೆಮ್ಮೆಪಡುವ ನಾವು ಮನೆಯ ಗೋಧಿ ಹುಗ್ಗಿಗೆ ಎರಡು ಯಾಲಕ್ಕಿ ಕುಟ್ಟಿ ಹಾಕಲು ಬೇಸರಪಡುತ್ತೇವೆ. ವೇದಿಕೆಯ ಮೇಲೆ ಸಂಸ್ಕೃತಿ, ಅಡುಗೆಮನೆಯಲ್ಲಿ ಅವಸರ.

ಅವ್ವನಿಗೆ ಈಗ ವಯಸ್ಸಾಗಿದೆ, ಬಿಸಿಲಿಗೆ ಕೂರಲಾಗದು. ರಜೆಗೆ ಬಂದ ನಾವು ಅಣ್ಣತಮ್ಮಂದಿರು ಊಟಕ್ಕೆ ಕೂತಾಗ ಒಮ್ಮೆ ಹಳೆಯ ಖಾರದ ಮಾತು ಬಂತು. ಆ ರುಚಿ ಈಗಿಲ್ಲ, ಕುಟ್ಟಿದ್ದರ ಗುಣವೇ ಬೇರೆ, ಈಗಿನ ಹೆಣ್ಣುಮಕ್ಕಳಿಗೆ ಸಹನೆಯೇ ಇಲ್ಲ ಎಂದು ನಮ್ಮ ನಮ್ಮಲ್ಲೇ ಹಳಹಳಿಸಿದೆವು. ಬಡಿಸುತ್ತಿದ್ದ ಅವ್ವ ಸೌಟು ಹಿಡಿದೇ ಕೇಳಿದಳು, “ಕಾಯಿ ತರಸ್ತೀನಿ. ಕುಟ್ಟಾಕ ಯಾರು ಕುಂದರ್ತೀರಿ?” ಯಾರೂ ಮಾತಾಡಲಿಲ್ಲ. ಅಡುಗೆಮನೆಯಿಂದ ಸೊಸೆಯಂದಿರ ನಗು ಕೇಳಿಸಿತು.

ಆ ನಗುವಿನಲ್ಲಿ ನ್ಯಾಯವಿತ್ತು. ನೆನಪಿನ ಲೇಖನ ಬರೆಯುವ ನಮ್ಮಂಥ ಗಂಡಸರು ಮರೆಯುವ ಸಂಗತಿ ಒಂದಿದೆ: ಈ ಪರಂಪರೆ ಕಡಿದದ್ದು ಹೆಣ್ಣುಮಕ್ಕಳು ಹೊರಗೆ ದುಡಿಯಲು ಹೋದದ್ದರಿಂದಲ್ಲ. ಅವರು ಎದ್ದುಹೋದ ಮಣೆಯ ಮೇಲೆ ಗಂಡುಮಕ್ಕಳು ಬಂದು ಕೂರಲಿಲ್ಲ. ಅವ್ವ ಮಗಳಿಗೆ, ಅತ್ತೆ ಸೊಸೆಗೆ ದಾಟಿಸಿದ ವಿದ್ಯೆಯನ್ನು ಮಗನಿಗೂ ದಾಟಿಸಬಹುದು ಎಂದು ನಮ್ಮ ಹಿರಿಯರಿಗೆ ಹೊಳೆಯಲಿಲ್ಲ, ನಮಗೂ ಬೇಕಿರಲಿಲ್ಲ. ಅರ್ಧ ಮನೆಗೆ ಮಾತ್ರ ಕಲಿಸಿದ ವಿದ್ಯೆ ಅರ್ಧದಷ್ಟೇ ಬಾಳುತ್ತದೆ.

ಇಷ್ಟಾದರೂ ಕಾಲ ಮೀರಿಲ್ಲ. ಹದ ಬಲ್ಲವರು ಪ್ರತಿ ಊರಿನಲ್ಲೂ ಇನ್ನೂ ಇದ್ದಾರೆ. ಅವರನ್ನು ಕೇಳಲು ದೊಡ್ಡ ಭರಣಿ, ಒಳಕಲ್ಲು, ಇಡೀ ಓಣಿ ಬೇಕಿಲ್ಲ. ಬರುವ ಶಿವರಾತ್ರಿ ಕಳೆದ ಮೇಲೆ ಬ್ಯಾಡಗಿ ಪೇಟೆಯಿಂದ ಒಂದಿಷ್ಟು ಡಬ್ಬಿ, ಒಂದಿಷ್ಟು ಕಡ್ಡಿ ಕಾಯಿ ತನ್ನಿ. ಆರಿಸುವುದನ್ನು ಮನೆಯ ಹಿರಿಯಳಿಗೆ ಬಿಡಿ, ಆಕೆ ಬೇಡವೆಂದ ಕಾಯಿ ಏಕೆ ಬೇಡ ಎಂದು ಕೇಳಿ ತಿಳಿದುಕೊಳ್ಳಿ. ತುಂಬು ಬಿಡಿಸಲು ಗಂಡುಹುಡುಗರನ್ನು ಕೂರಿಸಿ, ಕಣ್ಣುರಿಯಲಿ. ಪುಡಿಯನ್ನು ಮಿಕ್ಸಿಯಲ್ಲೇ ಮಾಡಿ, ಯಾರ ಭುಜವೂ ನೋಯಬೇಕಿಲ್ಲ. ಆದರೆ ಹವೀಜದ ಬಾಣಲಿ ಯಾವಾಗ ಇಳಿಸಬೇಕೆಂದು ಆಕೆಯೇ ಹೇಳಲಿ, ಲವಂಗ ಎಷ್ಟು ಎಂದು ಆಕೆಯನ್ನೇ ಕೇಳಿ. “ಹಿಡಿಸಿದಷ್ಟು” ಎಂದಾಳು. ಆಗ ಸಿಟ್ಟಾಗದೆ ಹಾಕಿ ನೋಡಿ, ಮುಂದಿನ ಬೇಸಿಗೆಗೆ ಮತ್ತೆ ಕೇಳಿ.